ನೆರಳು ಕಡಿದ ಹಳ್ಳ

ಮಂಡ್ಯ, ಮದ್ದೂರು

ಮಲಯಕ್ಕೆ ಹೋಗಿ ಬಂದವನು ಎಂದು ತಿಳಿದ ಕೂಡಲೆ ನಮ್ಮ ಕಡೆಯ ಜನ ನನ್ನನ್ನು ಎರಡು ಮಾತು ಕೇಳುತ್ತಾರೆ. ಅಲ್ಲಿ ಮುದ್ದೆ ಸಿಗುತ್ತದೆಯೆ? ಹೋಗಿ ಬಂದದ್ದಕ್ಕೆ ಕೆಲಸ ಸಿಕ್ಕಿತೆ? ಮೊದಲನೆಯದಕ್ಕೆ ಉತ್ತರ ಸುಲಭ, ಸಿಗುವುದಿಲ್ಲ. ಎರಡನೆಯದಕ್ಕೆ ಒಂದೇ ಮಾತಿನ ಉತ್ತರ ಸಾಲದು. ಆದ್ದರಿಂದ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮೂರು ಕೊತ್ತತ್ತಿ. ನಾನು ಹುಡುಗನಾಗಿದ್ದಾಗ ನಾಲೆ ಬಂತು. ನಾಲೆಯ ಹಿಂದೆ ಗದ್ದೆ ಬಂತು, ಗದ್ದೆಯ ಹಿಂದೆ ಚಳಿಜ್ವರ ಬಂತು. ಅನ್ನ ಕಂಡೆವು ಎಂದು ಹಿಗ್ಗುವಷ್ಟರಲ್ಲಿ ಮನೆಗೊಬ್ಬರು ಕಂಬಳಿ ಹೊದ್ದು ಬಿಸಿಲಿಗೆ ಕೂತು ನಡುಗತೊಡಗಿದರು. ನನ್ನ ತಂಗಿ ಹಾಗೆ ನಡುಗುತ್ತಲೇ ಹೋದಳು. ಮುಂದೆ ಮಂಡ್ಯದಲ್ಲಿ ಮಲೇರಿಯಾ ಇಲಾಖೆಯವರು ದಿನಗೂಲಿಗೆ ಆಳು ತೆಗೆದುಕೊಳ್ಳುತ್ತಾರೆಂದು ಕೇಳಿ ಸೇರಿದೆ. ಕೈಯಲ್ಲಿ ಬಿಳಿ ಸೌಟು ಹಿಡಿದು ಕಾಲುವೆ ಅಂಚಿನ ನೀರು ಮೊಗೆದು, ಸೊಳ್ಳೆಯ ಮರಿಹುಳ ಇದೆಯೆ ಎಂದು ನೋಡುವುದು ನಮ್ಮ ಕೆಲಸ. ಹುಳವಿದ್ದರೆ ಅಂಚಿನ ಹುಲ್ಲು, ಗಿಡಗಂಟಿ ಕಡಿದು, ಹುಳ ಸಾಯಲೆಂದು ನೀರಿನ ಮೇಲೆ ಎಣ್ಣೆ ಬಿಡಬೇಕು. ಜನ ನಮ್ಮನ್ನು ಸೌಟಿನವರು ಎಂದು ಕರೆಯುತ್ತಿದ್ದರು. ಆರು ವರ್ಷ ಸೌಟು ಹಿಡಿದೆ. ಗಿಡಗಂಟಿ ಕಂಡರೆ ನನಗೆ ತಂಗಿಯ ನೆನಪಾಗಿ ಕೈ ತುರಿಸುತ್ತಿತ್ತು.

ಯುದ್ಧ ಮುಗಿದ ಮಾರನೆಯ ವರ್ಷ ನಮ್ಮ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಹುದ್ದೆಯೊಂದು ಖಾಯಂ ಆಗುವ ಸುದ್ದಿ ಬಂತು. ಅದೇ ದಿನಗಳಲ್ಲಿ ಮಲಯದ ರಬ್ಬರ್ ತೋಟಗಳಲ್ಲಿ ನಮ್ಮ ಜನ ಜ್ವರದಿಂದ ಸಾಯುತ್ತಿದ್ದಾರೆಂದು, ಸೇವಾ ಸಂಘವೊಂದು ಸಂಬಳವಿಲ್ಲದೆ ಕೆಲಸ ಮಾಡುವವರನ್ನು ಕಳಿಸುತ್ತಿದೆಯೆಂದು ಪೇಪರಿನಲ್ಲಿ ಬಂತು. ನಮ್ಮ ಸಾಹೇಬರು ನನ್ನನ್ನು ಕರೆದು, "ನಿಂಗಪ್ಪ, ಹೊರದೇಶದಲ್ಲಿ ಸೇವೆ ಮಾಡಿ ಒಂದು ಒಳ್ಳೆ ಪತ್ರ ತಗೊಂಡು ಬಾ. ಇಲ್ಲಿ ನಿನ್ನ ಹಾಗೆ ಸೌಟು ಹಿಡಿದೋರು ಇಪ್ಪತ್ತು ಜನ ಇದಾರೆ. ಲೋಕ ನೋಡಿದೋನು ಒಬ್ಬನೂ ಇಲ್ಲ" ಎಂದರು. ಇದೇ ಮಾತನ್ನು ಅವರು ಮಳವಳ್ಳಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ನನ್ನ ಗೆಳೆಯ ಪುಟ್ಟಸ್ವಾಮಿಗೂ ಹೇಳಿದ್ದರು. ಹುದ್ದೆ ಒಂದು, ನಾವು ಇಬ್ಬರು.

ನಮ್ಮಜ್ಜಿ ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ಐದನೆಯ ದಿನ ರಾಗಿಹಿಟ್ಟಿನ ಗಂಟು ಕೈಗಿಟ್ಟು, "ಓಗು. ಅಲ್ಲೂ ಯಾರ್ದೋ ಮನೆ ಮಕ್ಳೇ ನಡುಗ್ತಾ ಅವೆ. ನೋಡ್ಕಬುಟ್ಟು ಬೇಗ ಬಾ" ಎಂದಳು.

ಮಂಡ್ಯದಲ್ಲಿ ನಾನು ರೈಲು ಹತ್ತಿದೆ. ಮದ್ದೂರಿನಲ್ಲಿ ಪುಟ್ಟಸ್ವಾಮಿ ಹತ್ತಿದ. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಇದ್ದಿಲು ಸುಟ್ಟು ಓಡಿಸುತ್ತಿದ್ದ ಬಸ್ಸಿನಲ್ಲಿ ಮಳವಳ್ಳಿಯಿಂದ ಬಂದವನು ಮುಖವೆಲ್ಲ ಮಸಿ ಮಾಡಿಕೊಂಡಿದ್ದ. ಏರು ಬಂದ ಕಡೆಯೆಲ್ಲ ಬಸ್ಸು ನಿಂತು, ಇವರೇ ಇಳಿದು ತಳ್ಳಿದರಂತೆ.

"ಏನ್ಲಾ ನಿಂಗ, ಇನ್‌ಸ್ಪೆಕ್ಟ್ರೇ, ಜಾಗ ಬುಡಿ ಸ್ವಾಮಿ" ಎಂದ.

"ನೀನೇ ಇನ್‌ಸ್ಪೆಕ್ಟ್ರು ಆಗ್ಲಾ. ಮೊದ್ಲು ಮುಖ ತೊಳ್ಕೊ."

"ಆಗೋದು ಒಬ್ನೇ ತಾನೆ? ಯಾವನಾದ್ರೂ ಆಗ್ಲಿ, ಇನ್ನೊಬ್ನು ಅವ್ನ ಕೈಕೆಳಗೆ ಸೌಟು ಹಿಡೀತಾನೆ. ಅದ್ಕೆಲ್ಲ ಮುನಿಸ್ಕೋಬಾರ್ದು, ಈಗ್ಲೇ ಏಳಿವ್ನಿ."

ನಗುತ್ತ ಹೇಳಿದ. ನಾನೂ ನಕ್ಕೆ. ಆದರೆ ರೈಲು ಬೆಂಗಳೂರು ಸೇರುವವರೆಗೆ ಅವನು ಒಂದು ಕಿಟಕಿಯಲ್ಲಿ, ನಾನು ಇನ್ನೊಂದು ಕಿಟಕಿಯಲ್ಲಿ ಹೊರಗೆ ನೋಡುತ್ತ ಕೂತೆವು.

ಹಡಗು

ಮದರಾಸಿನಿಂದ ಹಡಗು. ನಮ್ಮದು ಮೇಲ್ತಟ್ಟಿನ ಬಯಲು ಜಾಗ. ಚಾಪೆ ಹಾಸಿದಷ್ಟೇ ಮನೆ. ಕಾವೇರಿಯನ್ನು ದೊಡ್ಡ ನೀರು ಎಂದುಕೊಂಡು ಬೆಳೆದ ನಾನು ಮೊದಲ ದಿನವೆಲ್ಲ ದಡ ಎಲ್ಲಿ ಎಂದು ಹುಡುಕುತ್ತಿದ್ದೆ. ಎರಡನೆಯ ದಿನ ಹುಡುಕುವ ಶಕ್ತಿಯೂ ಹೋಯಿತು. ಹೊಟ್ಟೆಯಲ್ಲಿದ್ದುದೆಲ್ಲ ಸಮುದ್ರದ ಪಾಲಾಯಿತು.

ಮೂರನೆಯ ದಿನ ಪುಟ್ಟಸ್ವಾಮಿ ಹಡಗಿನ ಅಡುಗೆಯವನನ್ನು ಕಾಡಿ ಬೇಡಿ ಒಂದು ಒಲೆ ಗಿಟ್ಟಿಸಿದ. ಅಜ್ಜಿ ಕೊಟ್ಟ ಹಿಟ್ಟಿನಲ್ಲಿ ಮುದ್ದೆ ತಿರುವಲು ಕೂತ. ಎಸರು ಕುದಿಯಿತು, ಹಿಟ್ಟು ಬಿತ್ತು, ಕೋಲು ಆಡಿತು. ಅಷ್ಟರಲ್ಲಿ ಒಂದು ಅಲೆ ಹಡಗನ್ನು ಮಗ್ಗುಲಿಗೆ ವಾಲಿಸಿತು. ಪಾತ್ರೆ ಒಲೆಯಿಂದ ಜಾರಿ ಹಲಗೆಗಳ ಮೇಲೆ ಹೊರಟಿತು, ಹಿಂದೆ ಕೋಲು ಹಿಡಿದ ಪುಟ್ಟಸ್ವಾಮಿ. ಮುದ್ದೆ ಹೋಗಿ ಹಗ್ಗದ ಸುರುಳಿಗೆ ಅಂಟಿಕೊಂಡಿತು. ಹಡಗಿನ ಆಳೊಬ್ಬ ಅದನ್ನು ಮುಟ್ಟಿ, ಮೂಸಿ, ಬಿರುಕು ಮೆತ್ತಲು ತಂದ ಅರಗು ಎಂದುಕೊಂಡು ನಮಗೆ ಸನ್ನೆಯಲ್ಲೇ ಮೆಚ್ಚುಗೆ ತೋರಿಸಿದ.

ಹಡಗಿನಲ್ಲಿ ನಗಲು ನಮಗೆ ಸಿಕ್ಕ ಕೊನೆಯ ನೆಪ ಅದು. ನಮ್ಮ ಪಕ್ಕದ ಚಾಪೆಗಳಲ್ಲಿ ಯುದ್ಧಕ್ಕೆ ಮುಂಚೆ ಊರಿಗೆಂದು ಬಂದು ಸಿಕ್ಕಿಹಾಕಿಕೊಂಡಿದ್ದ ತಮಿಳರು ಇದ್ದರು. ಹೆಂಡತಿ ಮಕ್ಕಳನ್ನು ಮಲಯದಲ್ಲಿ ಬಿಟ್ಟು ಐದು ವರ್ಷವಾಗಿತ್ತು. ಅವರು ಇಸ್ಪೀಟಾಡಲಿಲ್ಲ, ಹಾಡಲಿಲ್ಲ. ದಿನವಿಡೀ ಮೂಡಲಿಗೆ ಮುಖ ಮಾಡಿ ಕೂತಿರುತ್ತಿದ್ದರು.

ತೋಟ

ಪಿನಾಂಗ್ ಬಂದರಿನಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ, ಲಾರಿಯಲ್ಲಿ ಒಂದು ದಿನದ ದಾರಿ. ರಸ್ತೆ ಬದಿಯಲ್ಲಿ ಮಲಯರ ಮನೆಗಳು ಕಂಬಗಳ ಮೇಲೆ ನಿಂತಿದ್ದವು. ಹತ್ತುವ ಮೆಟ್ಟಿಲ ಕೆಳಗೆ ಒಂದು ಬಾನಿ ನೀರು. ಕಾಲು ತೊಳೆಯದೆ ಯಾರೂ ಮೇಲೆ ಹೋಗುವುದಿಲ್ಲ. ನಮ್ಮಜ್ಜಿ ನೋಡಿದ್ದರೆ ಇವರು ಯಾವ ಜಾತಿಯಾದರೂ ಸರಿಯೆ ನಮ್ಮವರೇ ಎನ್ನುತ್ತಿದ್ದಳು. ಮಳೆಯೋ, ಗಡಿಯಾರ ನೋಡಿಕೊಂಡು ಬಂದ ಹಾಗೆ ದಿನಾ ಮಧ್ಯಾಹ್ನ ಸುರಿಯುತ್ತಿತ್ತು. ನಮ್ಮಲ್ಲಿ ನೀರಿಗೆ ಸರದಿ ಕಾದು ಕೂರುತ್ತೇವೆ, ಇಲ್ಲಿ ನೀರೇ ಜನರನ್ನು ಕಾದು ಕೂತಿತ್ತು.

ನಾವು ಇಳಿದ ತೋಟ ಗುಡ್ಡಗಳ ನಡುವೆ ಇತ್ತು. ಕೂಲಿಯವರ ಸಾಲುಮನೆ ಎರಡು ಕಡೆ. ತಗ್ಗಿನಲ್ಲಿ ಕೆಳಸಾಲು, ಗುಡ್ಡದ ಹಳ್ಳದ ಮಗ್ಗುಲಲ್ಲಿ ಮೇಲ್ಸಾಲು. ಯುದ್ಧದಲ್ಲಿ ಕೆಳಸಾಲಿನ ಚರಂಡಿಗಳೆಲ್ಲ ಹೂತು ನೀರು ನಿಂತು, ಅಲ್ಲಿ ಜ್ವರ ವಿಪರೀತವಾಗಿತ್ತು.

ಬೆಳಗಿನ ಜಾವ ಕೂಲಿಯವರನ್ನು ಸಾಲಾಗಿ ನಿಲ್ಲಿಸಿ ಹೆಸರು ಕರೆಯುತ್ತಿದ್ದರು. ಮೊದಲ ದಿನ ನಾನೂ ಪುಟ್ಟಸ್ವಾಮಿಯೂ ನೋಡುತ್ತ ನಿಂತೆವು. ಮೇಸ್ತ್ರಿ ಒಂದು ಹೆಸರು ಕರೆದ, ಉತ್ತರವಿಲ್ಲ. ಪಟ್ಟಿಯ ಮೇಲೆ ಬೆರಳು ಸರಿಸಿ ಮುಂದಿನದು ಕರೆದ. ಹೀಗೆ ಎಷ್ಟೋ ಹೆಸರು. ಜಪಾನಿನವರು ಸಯಾಮಿನಲ್ಲಿ ರೈಲು ಹಾದಿ ಹಾಕಲು ಹಿಡಿದುಕೊಂಡು ಹೋದ ಗಂಡಸರ ಹೆಸರುಗಳು ಅವು. ಪಟ್ಟಿಯಿಂದ ಆ ಹೆಸರುಗಳನ್ನು ತೆಗೆಯಬೇಡಿ ಎಂದು ಹೆಂಗಸರು ಕೇಳಿಕೊಂಡಿದ್ದರಂತೆ. ಸತ್ತ ಸುದ್ದಿ ತಂದವರಿಲ್ಲ. ಆದ್ದರಿಂದ ಆ ಹೆಂಗಸರಲ್ಲಿ ಯಾರೂ ಕುಂಕುಮ ಅಳಿಸಿರಲಿಲ್ಲ, ತಾಳಿ ಬಿಚ್ಚಿರಲಿಲ್ಲ. ಪುಟ್ಟಸ್ವಾಮಿ ನನ್ನ ಕೈ ಹಿಡಿದುಕೊಂಡು, "ಬಾರ್ಲಾ, ನೋಡಕಾಗಲ್ಲ" ಎಂದ.

ನಮ್ಮ ತಂಡದ ಹಿರಿಯರು ಮೈಸೂರು ಕಡೆಯ ಒಬ್ಬ ಡಾಕ್ಟರು. ಮಾತು ಕಡಿಮೆ. ಪುಟ್ಟಸ್ವಾಮಿಗೆ ಔಷಧದ ಕೆಲಸ ಕೊಟ್ಟರು, ನನಗೆ ಕೆಳಸಾಲಿನ ಚರಂಡಿ. ಜ್ವರಕ್ಕೆ ಆಗ ಕೊಡುತ್ತಿದ್ದ ಮಾತ್ರೆ ಹಳದಿಯದು, ನುಂಗಿದವರ ಮೈಯೂ ಹಳದಿಯಾಗುತ್ತಿತ್ತು. ನಾವೂ ದಿನಾ ನುಂಗಬೇಕಾಗಿತ್ತು.

"ಅರಿಸಿನ ಹಚ್ಚವ್ರೆ ಕಣ್ಲಾ. ಹೆಣ್ಣೊಂದು ಬಾಕಿ" ಎಂದು ಪುಟ್ಟಸ್ವಾಮಿ ಕನ್ನಡಿಯಲ್ಲಿ ಮುಖ ನೋಡಿಕೊಂಡ.

ಕೆಂಪಮ್ಮನ ಮನೆ

ಒಂದು ದಿನ ಮೇಲ್ಸಾಲಿನ ನಲ್ಲಿಯ ಹತ್ತಿರ ನಾವಿಬ್ಬರೂ ಬಕೆಟ್ಟಿಗಾಗಿ ಜಗಳವಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಯಾವೂರ್ಲಾ ನಿಮ್ದು?"

ತಿರುಗಿ ನೋಡಿದರೆ ತಲೆ ನರೆತ ಒಬ್ಬ ಹೆಂಗಸು. ಕಣ್ಣು ತುಂಬಿ ಬಂದಿತ್ತು. ಪುಟ್ಟಸ್ವಾಮಿ, "ನಂದು ಮಳವಳ್ಳಿ ಕಣಮ್ಮ. ಇವ್ನು ಮಂಡ್ಯದೋನು" ಎಂದ.

"ಮಳವಳ್ಳಿ! ನಮ್ಮೂರು ಮುತ್ತತ್ತಿಯಿಂದ ಒಳೆ ಆಚ್ಕಡೆ. ಹರಿಗೋಲಲ್ಲಿ ದಾಟಿ ಅನುಮಪ್ಪನ ಗುಡೀಗೆ ಬತ್ತಿದ್ವು. ಇನ್ನೂ ಮೈ ನೆರೆದಿರಲಿಲ್ಲ, ನಮ್ಮಪ್ಪ ನಮ್ನೆಲ್ಲ ಕಟ್ಕಂಡು ಇಲ್ಗೆ ಬಂದ್ಬುಟ್ಟ."

ಅವಳ ಹೆಸರು ಕೆಂಪಮ್ಮ. ನಲವತ್ತು ವರ್ಷ ಆ ತೋಟದಲ್ಲಿ ರಬ್ಬರ್ ಮರ ಗೀರಿದವಳು. ಗಂಡ ತಮಿಳು, ಮಕ್ಕಳು ತಮಿಳು. "ಕೋಳಿಗಳ ಜತೆ ಮಾತ್ರ ಕನ್ನಡ ಆಡ್ತೀನಿ ಕಣಪ್ಪ. ಅವುಕ್ಕೆ ಯಾವ್ದಾದ್ರೂ ಒಂದೇ" ಎಂದು ನಕ್ಕಳು. ಅವಳ ಇಬ್ಬರು ಗಂಡುಮಕ್ಕಳನ್ನು ಸಯಾಮಿಗೆ ಹಿಡಿದುಕೊಂಡು ಹೋಗಿದ್ದರು. ಒಬ್ಬ ಹಿಂತಿರುಗಿ ಬಂದಿದ್ದ, ಒಂದು ಕಾಲು ಕುಂಟು. ಅವನ ಹೆಸರು ಮಾರಿ, ಅವನ ಹೆಂಡತಿ ಪೊನ್ನಿ. ಪೊನ್ನಿ ಆಗ ಎರಡು ತಿಂಗಳ ಬಸುರಿ. ಆ ಮನೆಯಲ್ಲಿ ಯುದ್ಧವಾದ ಮೇಲೆ ಹುಟ್ಟಬೇಕಾಗಿದ್ದ ಮೊದಲ ಕೂಸು.

ಅಂದಿನಿಂದ ಅದು ನಮ್ಮ ಮನೆಯಾಯಿತು. ಉಳಿದಿದ್ದ ರಾಗಿಹಿಟ್ಟನ್ನು ಕೆಂಪಮ್ಮನಿಗೆ ಕೊಟ್ಟೆವು. ಅವಳು ಮುದ್ದೆ ಕಟ್ಟಿ, ಮೊದಲ ತುತ್ತು ಮುರಿದು ಬಾಯಿಗಿಟ್ಟು ಬಹಳ ಹೊತ್ತು ನುಂಗಲೇ ಇಲ್ಲ. ಪೊನ್ನಿ ಒಂದು ಚೂರು ತಿಂದು ಮುಖ ಕಿವುಚಿದಳು. "ಬ್ಯಾಡ ಬುಡವ್ವ, ನಿನ್ ಕೂಸು ತಿಂತದೆ" ಎಂದಳು ಕೆಂಪಮ್ಮ, ಸೊಸೆಗೆ ಅರ್ಥವಾಗದ ಕನ್ನಡದಲ್ಲಿ.

ಹಳ್ಳ

ಮೂರು ತಿಂಗಳಲ್ಲಿ ಕೆಳಸಾಲಿನ ಚರಂಡಿಗಳು ಹರಿದವು, ಜ್ವರ ಇಳಿಯಿತು. ಆಗ ಡಾಕ್ಟರು ಪಕ್ಕದ ತೋಟಕ್ಕೆ ಹತ್ತು ದಿನ ಹೋಗಬೇಕಾಯಿತು. ಹೊರಡುವಾಗ, ಆರೋಗ್ಯ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ನಮ್ಮ ಕೆಲಸ ನೋಡಲು ಬರುತ್ತಾರೆಂದೂ ಅವರ ಮೆಚ್ಚುಗೆ ನಮ್ಮ ಪತ್ರಗಳಲ್ಲಿ ಬರುತ್ತದೆಂದೂ ಹೇಳಿದರು.

ಪುಟ್ಟಸ್ವಾಮಿಯ ಔಷಧದ ಲೆಕ್ಕ ಅಚ್ಚುಕಟ್ಟಾಗಿತ್ತು, ಯಾರು ಬಂದರೂ ತೋರಿಸಬಹುದು. ನನ್ನ ಚರಂಡಿಗಳಲ್ಲಿ ತೋರಿಸುವಂಥದ್ದೇನು? ಕೆಸರು. ಕಣ್ಣಿಗೆ ಕಾಣುವಂಥ ಕೆಲಸವೊಂದು ಬೇಕು ಅನಿಸಿತು. ಮೇಲ್ಸಾಲಿನ ಪಕ್ಕದ ಹಳ್ಳದ ಮೇಲೆ ಎರಡು ದಡದ ಪೊದೆ, ಜರಿಗಿಡ, ಬಳ್ಳಿ ಹೆಣೆದುಕೊಂಡು ನೀರು ಕಾಣದ ಹಾಗೆ ಕವಿದಿತ್ತು. ನಮ್ಮ ಮಂಡ್ಯದಲ್ಲಿ ಇಂಥದ್ದನ್ನು ಒಂದು ವಾರ ಬಿಡುತ್ತಿರಲಿಲ್ಲ. ಹತ್ತು ಆಳು ಕರೆದುಕೊಂಡು ಕತ್ತಿ ಹಿಡಿದು ಹೋದೆ.

ಕೆಂಪಮ್ಮ ಬಂದು ದಡದಲ್ಲಿ ನಿಂತಳು.

"ಏನ್ ಮಗಾ ಮಾಡ್ತಿದ್ದೀಯೆ?"

"ಅಳ್ಳ ಕಿಲೀನು ಮಾಡ್ತಿವ್ನಿ ಕಣವ್ವ. ಬಿಸ್ಲು ಬೀಳ್ಬೇಕು."

"ಬ್ಯಾಡ ಕಣ್ಲಾ. ನೆಳ್ಳು ಕಡೀಬ್ಯಾಡ. ನನ್ ಮೊದಲ್ನೆ ಮಗ ಉಟ್ಟಿದ್ ವರ್ಸ ಇಂಗೇ ಕಡುದ್ರು. ಸಾಲ್ಗೆ ಸಾಲೇ ಜರ ಬಂದು ಮಲೀಕಂತು. ಆಮೇಲೆ ಇದ್ದ ತೋಟದ ದೊರೆ, ಯಾರೂ ಕತ್ತಿ ಇಡ್ಕಂಡು ಈ ಅಳ್ಳಕ್ಕೆ ಇಳೀಬಾರ್ದು ಅಂದಿದ್ದ."

"ಅವ್ವಾ, ಆರ್ ವರ್ಸದಿಂದ ಇದೇ ಕೆಲ್ಸ ನಂದು. ನೀನು ರಬ್ಬರ್ ಗೀರೋದು ನಂಗೆ ಏಳ್ಕೊಡು, ಸೊಳ್ಳೆ ವಿಸ್ಯ ನಂಗೆ ಬುಡು."

ಆಳುಗಳು ನಕ್ಕರು. ಅವಳು ತಿರುಗಿ ಹೊರಟುಹೋದಳು. ಅಂದು ಸಂಜೆ ಪುಟ್ಟಸ್ವಾಮಿಯೂ ಕೇಳಿದ: "ಡಾಕ್ಟ್ರು ಬರೋಗಂಟ ತಡೀಬೋದಿತ್ತಲ್ವೇನ್ಲಾ?" ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಅಧಿಕಾರಿ ಬಂದರು. ಹಳ್ಳ ಕನ್ನಡಿಯ ಹಾಗೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ತಿಳಿನೀರಿನಲ್ಲಿ ಮರಳು ಎಣಿಸಬಹುದಾಗಿತ್ತು. ಅವರೂ ಯುದ್ಧ ಮುಗಿದ ಮೇಲೆ ಆ ನಾಡಿಗೆ ಹೊಸದಾಗಿ ಬಂದವರು, ದಡದಲ್ಲಿ ನಿಂತು ಮೆಚ್ಚಿದರು, ನನ್ನ ಹೆಸರು ಕೇಳಿ ಬರೆದುಕೊಂಡರು. ಹಿಂತಿರುಗಿ ಬಂದ ಡಾಕ್ಟರೂ ಏನೂ ಅನ್ನಲಿಲ್ಲ. ಅವರೂ ನಮ್ಮ ಸೀಮೆಯ ನಾಲೆಗಳನ್ನು ಬಲ್ಲವರು, ನನಗೆ ಕಂಡದ್ದೇ ಅವರಿಗೂ ಕಂಡಿತು.

ಮೇಲ್ಸಾಲು

ಹಳ್ಳ ಕಡಿದ ಆರನೆಯ ವಾರ ಮೇಲ್ಸಾಲಿನಲ್ಲಿ ಒಬ್ಬ ಜ್ವರದಿಂದ ಮಲಗಿದ. ಅದೇ ವಾರ ಮತ್ತೆ ನಾಲ್ವರು. ಅದರ ಮುಂದಿನ ವಾರ ಬೆಳಿಗ್ಗೆ ಹೆಸರು ಕರೆದಾಗ ಮೇಲ್ಸಾಲಿನಿಂದ ಬಂದು ನಿಂತವರು ಅರ್ಧಕ್ಕಿಂತ ಕಡಿಮೆ. ಈ ಸಲ ಉತ್ತರ ಬಾರದ ಹೆಸರುಗಳಲ್ಲಿ ಪೊನ್ನಿಯದೂ ಇತ್ತು.

ಆಗ ನನಗೆ ಅನುಮಾನ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಅನುಮಾನ ಮೊದಲ ದಿನವೇ ಬಂದಿತ್ತು, ನಾನು ಅದರ ಕಡೆ ನೋಡಿರಲಿಲ್ಲ. ಸೌಟು ತೆಗೆದುಕೊಂಡು ಹಳ್ಳಕ್ಕೆ ಇಳಿದೆ. ಬಿಸಿಲು ಬೀಳುತ್ತಿದ್ದ ಕಡೆ, ಆ ಸ್ಫಟಿಕದಂಥ ನೀರಿನ ಅಂಚಿನಲ್ಲಿ, ಮೊಗೆದ ಸೌಟಿಗೆಲ್ಲ ಮರಿಹುಳ. ಮೇಲೆ, ನಾನು ಕಡಿಯದೆ ಬಿಟ್ಟಿದ್ದ ಕತ್ತಲೆಯ ಪೊದೆಯೊಳಗೆ ತೂರಿ ಮೊಗೆದೆ. ಒಂದೂ ಇಲ್ಲ. ಮತ್ತೆ ಕೆಳಗೆ ಬಂದು ಮೊಗೆದೆ. ಮತ್ತೆ ಮೇಲೆ. ಆ ನಾಡಿನ ಸೊಳ್ಳೆಗೆ ಗುಡ್ಡದ ಹಳ್ಳದಲ್ಲಿ ಬಿಸಿಲು ಬೇಕು. ನೆರಳಿನಲ್ಲಿ ಅದು ಮೊಟ್ಟೆಯಿಡುವುದಿಲ್ಲ. ನಲವತ್ತು ವರ್ಷ ಆ ನೀರಿನ ಪಕ್ಕ ಬಾಳಿದವಳಿಗೆ ಇದು ಗೊತ್ತಿತ್ತು. ನಮ್ಮ ನಾಲೆಯ ಪಾಠವನ್ನು ನಾನು ಸಮುದ್ರ ದಾಟಿಸಿ ತಂದು, ಕಣ್ಣು ಮುಚ್ಚಿಕೊಂಡು ಒಪ್ಪಿಸಿದ್ದೆ.

ಪೊನ್ನಿಗೆ ಜ್ವರ ಬಂದ ಐದನೆಯ ದಿನ ಹೆರಿಗೆಯಾಯಿತು. ಏಳು ತಿಂಗಳು ತುಂಬಿರಲಿಲ್ಲ. ಪೊನ್ನಿ ಹೇಗೋ ಉಳಿದುಕೊಂಡಳು. ಗಂಡು ಕೂಸು. ಅಳಲೇ ಇಲ್ಲ. ಮಾರಿ ಕುಂಟುತ್ತ ಅದನ್ನು ಎತ್ತಿಕೊಂಡು ಮುಂದೆ ನಡೆದ. ನಾನೂ ಪುಟ್ಟಸ್ವಾಮಿಯೂ ಗುದ್ದಲಿ ಹಿಡಿದು ಹಿಂದೆ ಹೋದೆವು. ರಬ್ಬರ್ ಮರಗಳ ಕೆಳಗೆ ಮಣ್ಣು ಮೆತ್ತಗಿತ್ತು, ತೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹಿಂತಿರುಗಿ ಬಂದು ಕೆಂಪಮ್ಮನ ಮುಂದೆ ಕೂತು ಹೇಳಿದೆ. "ಅವ್ವಾ, ನನ್ನಿಂದ ಆಯ್ತು." ಅವಳು ಹಿಟ್ಟಿನ ಮಡಕೆ ತೊಳೆಯುತ್ತಿದ್ದಳು. ತಲೆ ಎತ್ತದೆ ತಮಿಳಿನಲ್ಲಿ, ಗೊತ್ತು, ಹೊತ್ತಾಯಿತು, ಮನೆಗೆ ಹೋಗಿ ಅಂದಳು. ಬಹುವಚನ. ಅಂದಿನಿಂದ ಅವಳು ನನ್ನೊಡನೆ ಕನ್ನಡ ಆಡುವುದನ್ನು ಬಿಟ್ಟಳು.

ಪತ್ರ

"ಬಾಯ್ ಮುಚ್ಕಂಡಿರು" ಎಂದ ಪುಟ್ಟಸ್ವಾಮಿ. "ಪತ್ರ ಆಗ್ಲೇ ಟೈಪಾಗೋಗದೆ. ಅಳ್ಳದ ವಿಸ್ಯ ಒಳ್ಳೇದಾಗೇ ಬರ್ದವ್ರೆ, ನಾನೇ ನೋಡ್ದೆ. ಏಳಿ ಏನ್ ಸಾಧಿಸ್ದಂಗಾಯ್ತು? ಕೂಸು ಬತ್ತದಾ?"

"ಪತ್ರ ಚೆನ್ನಾಗಿದ್ರೆ ನಿಂಗೆ ತೊಂದ್ರೆ ಅಲ್ವೇನ್ಲಾ?"

ಅವನು ನನ್ನನ್ನು ದಿಟ್ಟಿಸಿ ನೋಡಿದ. "ಬಡ್ಡೀಮಗ್ನೆ, ನನ್ನ ಅಷ್ಟೇ ತಿಳ್ಕಂಡಿದ್ದೀಯಾ?" ಎಂದು ಎದ್ದು ಹೋದ.

ಡಾಕ್ಟರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನನ್ನ ಜೊತೆ ಹಳ್ಳಕ್ಕೆ ಬಂದು, ತಾವೇ ಸೌಟು ಹಿಡಿದು ಎರಡು ಕಡೆಯೂ ಮೊಗೆದು ನೋಡಿದರು. ಸೌಟು ಕೆಳಗಿಟ್ಟು ಒದ್ದೆ ಬಂಡೆಯ ಮೇಲೆ ಕೂತರು.

"ನಾನೂ ನೋಡಿ ಸುಮ್ಮನಿದ್ದೆ ನಿಂಗಪ್ಪ" ಎಂದರು. "ನಿಮ್ಮೊಬ್ಬರ ತಪ್ಪಲ್ಲ. ಆದರೆ ಕತ್ತಿ ಹಿಡಿದೋರು ನೀವು. ಈಗ ಏನು ಮಾಡಬೇಕು ಅಂತೀರಿ?"

"ನೆರಳು ಮತ್ತೆ ಬರೋತನಕ ವಾರಕ್ಕೊಂದು ಸಲ ಎಣ್ಣೆ ಬಿಡಬೇಕು ಸಾರ್. ಗಿಡ ನೆಡಬೇಕು. ಇಲ್ಲಿ ಮಳೆ ಚೆನ್ನಾಗಿದೆ, ಐದಾರು ತಿಂಗಳಲ್ಲಿ ಕವೀಬಹುದು."

"ನಮ್ಮ ಹಡಗು ಇನ್ನು ಹತ್ತು ದಿನಕ್ಕೆ. ಮಂಡ್ಯದಲ್ಲಿ ನಿಮ್ಮ ಇಂಟರ್‌ವ್ಯೂ ಮುಂದಿನ ತಿಂಗಳು."

"ಗೊತ್ತು ಸಾರ್."

"ಬೇರೆ ಯಾರಿಗಾದರೂ ಹೇಳಿಕೊಟ್ಟು ಹೊರಡಬಹುದು."

ಹೇಳಿಕೊಡಬಹುದಾಗಿತ್ತು, ನಿಜ. ಆ ಹತ್ತು ದಿನವೂ ನಾನು ಅದೇ ಯೋಚನೆ ಮಾಡಿದೆ. ಅಜ್ಜಿಯ ಮುಖ ಬಂತು, ಖಾಯಂ ಕೆಲಸ ಬಂತು, ಮನೆಯ ಮುಂದೆ ನಿಲ್ಲಿಸಬಹುದಾದ ಸೈಕಲ್ಲೂ ಬಂತು. ಆದರೆ ಮೇಲ್ಸಾಲಿನವರಿಗೆ ಬೆಳಿಗ್ಗೆ ಎದ್ದರೆ ರಬ್ಬರ್ ಮರ, ಸಂಜೆ ಬಂದರೆ ಜ್ವರದ ಮನೆ. ಒಂದು ವಾರ ಎಣ್ಣೆ ತಪ್ಪಿದರೂ ಸಾಕು, ಮತ್ತೆ ಮೊದಲಿನಿಂದ. ನನ್ನ ಕೈಯಲ್ಲಾದ ಕೆಲಸವನ್ನು ಅವರ ತಲೆಗೆ ಕಟ್ಟಿ ಹಡಗು ಹತ್ತಲು ಕಾಲು ಬರಲಿಲ್ಲ.

ಪುಟ್ಟಸ್ವಾಮಿ ಹೊರಡುವ ದಿನ ಲಾರಿಯ ಮೇಲೆ ಕೂತು ನನ್ನನ್ನು ಬೈದ. ಹುಚ್ಚ ಎಂದ, ಕೋಣ ಎಂದ. ಲಾರಿ ಹೊರಟ ಮೇಲೆ ತನ್ನ ಕಂಬಳಿಯನ್ನು ಬಿಚ್ಚಿ ನನ್ನ ಕಡೆ ಎಸೆದ.

ಉಳಿದ ಆರು ತಿಂಗಳು

ತಿಂಗಳುಗಳ ವಿವರ ಬೇಡ. ವಾರಕ್ಕೊಮ್ಮೆ ಹಳ್ಳದ ಉದ್ದಕ್ಕೂ ಎಣ್ಣೆ. ಉಳಿದ ದಿನ ಗಿಡ. ಮೊದಲು ನಾನು ನೆಟ್ಟದ್ದೆಲ್ಲ ಮಳೆಯ ಹೊಡೆತಕ್ಕೆ ಕೊಚ್ಚಿಹೋಯಿತು. ಮಾರಿ ದಡದಲ್ಲಿ ಕೂತು ಎರಡು ದಿನ ನೋಡಿದ. ಮೂರನೆಯ ದಿನ ಕಾಡಿನೊಳಗೆ ಹೋಗಿ, ನೀರಿನ ಮೇಲೆ ಬಾಗಿ ಬೆಳೆಯುವ ಒಂದು ಜಾತಿಯ ಗಿಡವನ್ನು ಬೇರು ಮಣ್ಣು ಸಮೇತ ಹೊತ್ತು ತಂದು ನನ್ನ ಮುಂದೆ ಹಾಕಿದ. ಯಾರು ಹೇಳಿದರು ಎಂದು ಕೇಳಿದೆ. ಅಮ್ಮ ಎಂದ. ಆಮೇಲೆ ದಿನವೂ ತಂದ. ಕೂಸನ್ನು ಹೊತ್ತ ಕೈಯಲ್ಲೇ ಅವನು ಗಿಡ ಹೊತ್ತು ತರುವಾಗ ನಾನು ಅವನ ಮುಖ ನೋಡುತ್ತಿರಲಿಲ್ಲ.

ಕೆಂಪಮ್ಮ ನನಗೆ ಊಟ ಹಾಕುತ್ತಿದ್ದಳು. ಸಾರು ಬೇಕೆ, ಸಾಕೆ, ಎಲ್ಲವೂ ತಮಿಳಿನಲ್ಲಿ. ನಾನು ಹೊರಗೆ ಕೈ ತೊಳೆಯುತ್ತಿರುವಾಗ ಒಳಗೆ ಅವಳು ಕೋಳಿಗಳಿಗೆ, "ಬನ್ರವ್ವ, ತಿನ್ರವ್ವ" ಎನ್ನುವುದು ಕೇಳಿಸುತ್ತಿತ್ತು. ಅಷ್ಟು ದೂರದ ನಾಡಿನಲ್ಲಿ ನನಗಿದ್ದ ಕನ್ನಡ ಅಷ್ಟೇ, ಅದೂ ನನ್ನನ್ನು ಕುರಿತದ್ದಲ್ಲ.

ಆಗಲೇ ಪುಟ್ಟಸ್ವಾಮಿಯ ಕಾಗದ ಬಂತು. ಹುದ್ದೆ ಅವನಿಗೆ ಆಗಿತ್ತು. ಎರಡೇ ಸಾಲು ಬರೆದಿದ್ದ. ಓದಿ, ಮಡಿಸಿ, ಹಳ್ಳಕ್ಕೆ ಹೋದೆ. ಅಂದು ಎಣ್ಣೆ ಬಿಡುವ ದಿನ.

ಆರನೆಯ ತಿಂಗಳಿಗೆ ಎರಡು ದಡದ ಎಲೆಗಳು ಒಂದನ್ನೊಂದು ಮುಟ್ಟಿದವು. ನೀರು ಕಪ್ಪಾಯಿತು. ಮೇಲ್ಸಾಲಿನಲ್ಲಿ ಹೊಸದಾಗಿ ಮಲಗಿದವರು ಯಾರೂ ಇರಲಿಲ್ಲ. ಎರಡು ವಾರ ಎಣ್ಣೆ ನಿಲ್ಲಿಸಿ ಮೊಗೆದು ನೋಡಿದೆ, ಸೌಟು ಖಾಲಿ. ಹೊರಡುವ ದಿನ ಬೆಳಿಗ್ಗೆ ಕೆಂಪಮ್ಮ ಹಳ್ಳದವರೆಗೆ ಬಂದಳು. ಬಾಗಿ, ಎಲೆಗಳ ಕೆಳಗೆ ಕೈಯಿಟ್ಟು ನೀರು ಮುಟ್ಟಿ ನೋಡಿದಳು.

"ತಣ್ಣಗದೆ" ಎಂದಳು. ಕನ್ನಡದಲ್ಲಿ. ಸ್ವಲ್ಪ ಹೊತ್ತಿನ ಮೇಲೆ, "ಓಗು ಮಗಾ, ನಿಮ್ಮಜ್ಜಿ ಕಾಯ್ತಿರ್ತಾಳೆ" ಎಂದಳು.

ಮನ್ನಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಮುತ್ತತ್ತಿ ದಾರಿ

ಊರಿಗೆ ಬಂದಾಗ ಎಲ್ಲರ ಬಾಯಲ್ಲೂ ಸ್ವಾತಂತ್ರ್ಯದ ಮಾತು. ನಮ್ಮ ಸಾಹೇಬರು ಮಾತ್ರ ನನ್ನ ಪತ್ರ ಓದಿ, "ಹುದ್ದೆ ಹೋಯ್ತಲ್ಲಯ್ಯ" ಎಂದು ಮರುಗಿ, ಹಳೆಯ ದಿನಗೂಲಿ ಕೆಲಸಕ್ಕೇ ಹಾಕಿಕೊಂಡರು. ಹೊಸ ಇನ್‌ಸ್ಪೆಕ್ಟರು ಪುಟ್ಟಸ್ವಾಮಿ. ಅವನ ಕೈಕೆಳಗೆ ಸೌಟು ಹಿಡಿದವನು ನಾನು. ತಲೆಯ ಮೇಲೆ ಟೋಪಿ ಇಟ್ಟುಕೊಂಡು ಅವನು ಬಂದರೆ ನಾನು ಎದ್ದು ನಿಲ್ಲುತ್ತಿದ್ದೆ, "ಕೂತ್ಕಳ್ಲಾ, ಬಡ್ಡೆತ್ತದೆ" ಎಂದು ಅವನು ಬೈಯುತ್ತಿದ್ದ.

ಒಂದು ದಿನ ಒಂದು ಕಾಗದ ಹಿಡಿದು ನನ್ನ ಹತ್ತಿರ ಬಂದ. ಮುತ್ತತ್ತಿ ದಾರಿಯಲ್ಲಿ, ಕಾಡಿನ ಅಂಚಿನ ಒಂದು ಸಣ್ಣ ಹಳ್ಳಿಯಲ್ಲಿ ಜ್ವರ. ಊರ ಪಕ್ಕದ ಹಳ್ಳದ ಗಿಡಗಂಟಿ ಕಡಿಸಬೇಕೆಂದು ಮೇಲಿನಿಂದ ಬಂದ ಸಲಹೆ. ಅವನ ರುಜು ಬಿದ್ದರೆ ಆಳು ಹೊರಡುತ್ತಾರೆ.

"ಏನ್ಲಾ ನಿಂಗ, ರುಜು ಆಕ್ಲಾ, ಬ್ಯಾಡ್ವಾ?"

"ನಂಗೆ ಗೊತ್ತಿಲ್ಲ."

"ಏನ್ಲಾ, ಲೋಕ ನೋಡ್ಕಂಡ್ ಬಂದೋನು ನೀನು."

"ಆ ಅಳ್ಳ ನೋಡಿಲ್ವಲ್ಲ."

ಅವನು ಕಾಗದವನ್ನು ಜೇಬಿಗೆ ಹಾಕಿಕೊಂಡ. ಮಾರನೆಯ ದಿನ ಮಳವಳ್ಳಿಯವರೆಗೆ ಬಸ್ಸು, ಅಲ್ಲಿಂದ ನಡಿಗೆ. ಹಳ್ಳ ಸಿಕ್ಕಿತು. ಅರ್ಧ ನೆರಳು, ಅರ್ಧ ಬಿಸಿಲು. ಮೊಗೆದು ನೋಡಿದೆವು. ಒಂದು ಕಡೆ ಹುಳ ಇತ್ತು, ಒಂದು ಕಡೆ ಇರಲಿಲ್ಲ, ಮತ್ತೊಂದು ಕಡೆ ಇದ್ದದ್ದು ಯಾವ ಹುಳವೋ ನಮಗೆ ತಿಳಿಯಲಿಲ್ಲ. ಪುಟ್ಟಸ್ವಾಮಿ ಬಂಡೆಯ ಮೇಲೆ ಕೂತು ಬೆವರು ಒರೆಸಿಕೊಂಡ.

ಊರ ಕಡೆಯಿಂದ ಮುದುಕಿಯೊಬ್ಬಳು ಬಿಂದಿಗೆ ಹೊತ್ತು ನೀರಿಗೆ ಬರುತ್ತಿದ್ದಳು. ಪುಟ್ಟಸ್ವಾಮಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾನು ಎದ್ದು ದಾರಿ ಬಿಟ್ಟು ನಿಂತು ಕೇಳಿದೆ.

"ಅವ್ವಾ, ಈ ಅಳ್ಳ ನಿಂಗೆ ಎಷ್ಟ್ ವರ್ಸದಿಂದ ಗೊತ್ತು?"

ಅವಳು ನನ್ನನ್ನು ನೋಡಿದಳು, ಟೋಪಿಯನ್ನು ನೋಡಿದಳು, ಬಿಂದಿಗೆಯನ್ನು ಇಳಿಸಿ ದಡದ ಮೇಲಿಟ್ಟಳು.

"ಕೂತ್ಕಳಿ" ಎಂದಳು. "ಒಸಿ ಒತ್ತಾಯ್ತದೆ ಯೋಳಕ್ಕೆ."

ಕೂತೆವು.